ಗಾಜಿನ ಕಾಲುವೆಯಲ್ಲಿ ಒಂದು ಮಳೆಗಾಲ

ಹೋದ ತಿಂಗಳು ಚನ್ನಪಟ್ಟಣದಲ್ಲಿ ಬಸ್ಸು ಬದಲಿಸುವುದಿತ್ತು. ನಡುವೆ ಒಂದು ಗಂಟೆ ಬಿಡುವಿದ್ದುದರಿಂದ ಗೆಳತಿಯ ಮಗಳಿಗೆ ಒಂದು ಬುಗುರಿ ತರೋಣವೆಂದು ಹತ್ತಿರದ ಗಲ್ಲಿಗೆ ಹೋದೆ. ಒಂದು ಮನೆಯ ಬಾಗಿಲು ತೆರೆದಿತ್ತು, ಒಳಗೆ ಲೇತು ತಿರುಗುತ್ತಿತ್ತು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಏಳುವ ಆ ವಾಸನೆ, ಸುಟ್ಟ ಬೆಲ್ಲಕ್ಕೂ ಹಸಿ ಮರಕ್ಕೂ ನಡುವಿನದು, ಮೂಗಿಗೆ ಬಂದದ್ದೇ ನಾನು ಹೊಸ್ತಿಲ ಹೊರಗೆ ನಿಂತುಬಿಟ್ಟೆ. ಒಳಗಿದ್ದವರು "ಏನ್ ಬೇಕಮ್ಮಾ?" ಎಂದು ಎರಡು ಸಲ ಕೇಳಿದರು. ಬುಗುರಿ ಎಂದು ಹೇಳಲು ನೆನಪೇ ಬರಲಿಲ್ಲ.

ಎಲ್ಲರಿಗೂ ಅದು ಬೊಂಬೆಗಳ ವಾಸನೆ. ನನಗೆ ಮಾತ್ರ ಅದು ನೀರಿನ, ಮರಳಿನ ಮತ್ತು ನಾನು ಹೇಳಿದ ಒಂದು ಸುಳ್ಳಿನ ವಾಸನೆ.

ಆಗ ನಾನು ಎಂ.ಟೆಕ್. ಕೊನೆಯ ವರ್ಷದಲ್ಲಿದ್ದೆ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಒಂದು ಮನೆಯ ಹಿಂದೆ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಬೆಳಗ್ಗೆ ಎದ್ದರೆ ಬೆಂದ ಗೂಡಿನ ನಾತ, ಕಾಲೇಜಿಗೆ ಹೋದರೆ ಲ್ಯಾಬಿನ ಪಾಚಿಯ ನಾತ. ನಮ್ಮ ಹೈಡ್ರಾಲಿಕ್ಸ್ ಲ್ಯಾಬಿನಲ್ಲಿ ಹನ್ನೆರಡು ಮೀಟರ್ ಉದ್ದದ ಒಂದು ಫ್ಲೂಮ್ ಇತ್ತು. ಎರಡೂ ಪಕ್ಕ ಗಾಜು ಹಾಕಿದ, ಕಬ್ಬಿಣದ ಕಾಲಿನ ಮೇಲೆ ನಿಂತ ಉದ್ದನೆಯ ತೊಟ್ಟಿ ಅದು. ತಳಕ್ಕೆ ಮರಳು ಹಾಸಿ, ಒಂದು ತುದಿಯಿಂದ ಪಂಪಿನ ನೀರು ಬಿಟ್ಟರೆ ಹೊಳೆಯ ಒಂದು ತುಂಡನ್ನು ಪಕ್ಕದಿಂದ ಕೂತು ನೋಡಿದ ಹಾಗೆ. ಕೆಲವು ವರ್ಷಗಳಿಂದ ಯಾರೂ ಮುಟ್ಟದೆ, ಅದರೊಳಗೆ ಹಳೆಯ ಕುರ್ಚಿಗಳನ್ನು ಪೇರಿಸಿಟ್ಟಿದ್ದರು.

ಆ ಕುರ್ಚಿಗಳನ್ನು ನನ್ನ ಜೊತೆ ಇಳಿಸಿದವರು ಪುಟ್ಟಸ್ವಾಮಿ, ಲ್ಯಾಬಿನ ಮೆಕ್ಯಾನಿಕ್ಕು. ಸೋಲೂರು ಕಡೆಯವರು. ದಿನಾ ಮಾಗಡಿ ಮೇಲೆ ಎರಡು ಬಸ್ಸು ಹಿಡಿದು ಬರುತ್ತಿದ್ದರು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಪಂಪಿಗೆ ಅಂಗೈ ಇಟ್ಟು, ಅದರ ಬೇರಿಂಗು ಎಷ್ಟು ದಿನ ಬಾಳುತ್ತದೆಂದು ಹೇಳಬಲ್ಲವರು. ಮಾತು ಮಾತ್ರ ಬಲು ಕಮ್ಮಿ.

ಅಷ್ಟೆಲ್ಲ ಮಾಡಬೇಕಾಗಿ ಬಂದದ್ದು ಒಂದು ಸೇತುವೆಯಿಂದ. ಕನಕಪುರದ ದಕ್ಷಿಣಕ್ಕೆ, ಉಯ್ಯಂಬಳ್ಳಿಯಿಂದಾಚೆ ಒಂದು ಸಣ್ಣ ಊರು, ಹೆಸರು ಬೇಡ. ಊರಿಗೂ ಡೈರಿಗೂ ನಡುವೆ ಮರಳು ತಳದ ಒಂದು ಹಳ್ಳ, ಅದರ ಮೇಲೆ ಎರಡು ಕಂಬದ ಸಣ್ಣ ಸೇತುವೆ. ಹಾಲು ಹೋಗುವುದು, ಬಸುರಿಯರನ್ನು ಆಸ್ಪತ್ರೆಗೆ ಒಯ್ಯುವುದು ಎಲ್ಲ ಅದರ ಮೇಲೆಯೇ. ಆ ಊರಿನ ಶಿವರುದ್ರಯ್ಯನವರು ಡೈರಿಯ ಕಾರ್ಯದರ್ಶಿ. ಹಿಂದಿನ ವರ್ಷ ಮಳೆ ನಿಂತ ಮೇಲೆ ಒಂದು ಕಂಬದ ಬುಡದಲ್ಲಿ ಗುಂಡಿ ಕಂಡು, ಅವರಿಗೆ ನಿದ್ದೆ ಬಂದಿರಲಿಲ್ಲವಂತೆ. ಹೇಗೋ ವಿಚಾರಿಸಿಕೊಂಡು ಸೀದಾ ನಮ್ಮ ಕಾಲೇಜಿಗೇ ಬಂದರು.

"ಇಂಜಿನಿಯರ್ರು ಬಂದು ನೋಡ್ಕೊಂಡು ಹೋದ್ರು ಮೇಡಂ, ಗಟ್ಟಿ ಐತೆ ಅಂದ್ರು. ಮೇಲ್ಗಡೆ ಗಟ್ಟಿನೇ. ಕೆಳಗಡೆ ಏನಾಯ್ತದೆ ಅಂತ ಯಾರಾನ ನೋಡವ್ರಾ?" ಎಂದು ನನ್ನ ಗೈಡ್ ಮೇಡಂ ಮುಂದೆ ಕೂತು ಕೇಳಿದರು.

ಮೇಡಂ ನನ್ನ ಕಡೆ ನೋಡಿದರು. ನನ್ನ ಪ್ರಾಜೆಕ್ಟು ಹಾಗೆ ಹುಟ್ಟಿತು.

ಮಾದರಿ ಕಂಬ ಮಾಡಿಸಲು ಚನ್ನಪಟ್ಟಣಕ್ಕೆ ಹೋದೆ. ಪ್ಲಾಸ್ಟಿಕ್ ಪೈಪು ಸಾಕಿತ್ತು. ಆದರೆ ಸೇತುವೆಯ ಕಂಬದ ಬುಡ ಅಗಲವಾಗಿ, ಮೆಟ್ಟಿಲಿನಂತೆ ಇತ್ತು. ಆ ಆಕಾರ ಪೈಪಿನಲ್ಲಿ ಸಿಗುವುದಿಲ್ಲ. ಹೀಗೆ ಶಮೀಮ್ ಬಾನು ಅವರ ಮನೆಗೆ ಹೋದದ್ದು. ಐವತ್ತು ದಾಟಿದ ಹೆಂಗಸು. ಗಂಡ ತೀರಿಹೋದ ಮೇಲೆ ಅವರ ಲೇತಿಗೆ ತಾವೇ ಕೂತವರು. ನನ್ನ ಡ್ರಾಯಿಂಗನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು.

"ಇದು ಬೊಂಬೆನಾ ಬೇಟಿ, ಚೆಸ್ ಕಾಯಿನಾ?"

"ಸೇತುವೆ ಕಂಬ ಚಾಚಿ. ನೀರೊಳಗೆ ನಿಲ್ಲಿಸ್ಬೇಕು."

"ನೀರೊಳಗೆ ನಮ್ ಮರ ಉಬ್ಬೋಯ್ತದೆ. ಅರಗು ಒಸಿ ದಪ್ಪಕ್ಕೆ ಕೊಡ್ತೀನಿ, ಎರಡು ಕೈ. ಬಣ್ಣ ಯಾವ್ದು?"

ಅಡಿಪಾಯದ ತಳ ಎಲ್ಲಿ ಬರುತ್ತದೋ ಅಲ್ಲಿ ಒಂದು ಕೆಂಪು ಪಟ್ಟಿ ಬೇಕು, ಉಳಿದದ್ದು ಹಳದಿ ಎಂದೆ. ಮರಳು ಕೊಚ್ಚಿಹೋಗಿ ಕೆಂಪು ಕಂಡರೆ ಸೇತುವೆ ಹೋದಂತೆ. ಅವರು ತಲೆಯಾಡಿಸಿ ಲೇತು ಹಚ್ಚಿದರು. ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸಿ, ಇನ್ನೂ ಬಿಸಿಯಿದ್ದ ಕಂಬವನ್ನು ನನ್ನ ಕೈಗೆ ಕೊಟ್ಟರು.

ಮರಳು ಆ ಹಳ್ಳದ್ದೇ ಬಂತು. ಶಿವರುದ್ರಯ್ಯ ಹಾಲಿನ ಗಾಡಿಯಲ್ಲಿ ಚೀಲ ಚೀಲ ಕಳಿಸಿದರು. ಅದನ್ನು ತೊಳೆದು, ಒಣಗಿಸಿ, ಜರಡಿ ಹಿಡಿಯುವುದರಲ್ಲಿ ಇಡೀ ಜೂನ್ ಹೋಯಿತು. ಸೇತುವೆಯನ್ನು ಚಿಕ್ಕದು ಮಾಡಬಹುದು, ಆದರೆ ಮರಳಿನ ಕಾಳನ್ನು ಅದೇ ಲೆಕ್ಕದಲ್ಲಿ ಚಿಕ್ಕದು ಮಾಡಿದರೆ ಅದು ಮರಳಾಗಿ ಉಳಿಯುವುದಿಲ್ಲ, ಹಿಟ್ಟಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹಾಗಾಗಿ ಕಾಳನ್ನು ಹಾಗೆಯೇ ಇಟ್ಟುಕೊಂಡು ನೀರಿನ ವೇಗವನ್ನು ಅದಕ್ಕೆ ಹೊಂದಿಸಬೇಕು. ಕಂಬದಿಂದ ದೂರ ಬಯಲಲ್ಲಿರುವ ಮರಳು ಇನ್ನೇನು ಹೊರಡಬೇಕು, ಆದರೆ ಹೊರಡಬಾರದು; ಅಂಥ ಅಂಚಿಗೆ ನೀರನ್ನು ತಂದು ನಿಲ್ಲಿಸಬೇಕು. ಆಗ ಎಲ್ಲಾದರೂ ಮರಳು ಎದ್ದರೆ ಅದು ಕಂಬದ ದೆಸೆಯಿಂದಲೇ ಎಂದು ತಿಳಿಯುತ್ತದೆ.

ಆ ಅಂಚನ್ನು ಹಿಡಿಯಲು ನನಗೆ ಮೂರು ವಾರ ಬೇಕಾಯಿತು. ಗಾಜಿಗೆ ಮೂಗು ಒತ್ತಿ ಕೂತರೆ ಮೊದಲು ಒಂದು ಕಾಳು ತೂಗಾಡುತ್ತದೆ, ಹೋಗಲೋ ಬೇಡವೋ ಎನ್ನುವ ಹಾಗೆ. ಆಮೇಲೆ ಉರುಳಿ ನಿಲ್ಲುತ್ತದೆ. ಪುಟ್ಟಸ್ವಾಮಿ ಕವಾಟದ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿ "ಸಾಕಾ?" ಎನ್ನುತ್ತಿದ್ದರು. ಒಂದು ದಿನ ಅವರೇ ಕಂಬದ ಮುಂದೆ ಒಂದು ಚಿಟಿಕೆ ನೇರಳೆ ಬಣ್ಣದ ಪುಡಿ ಬಿಟ್ಟರು. ಬಣ್ಣ ಕಂಬಕ್ಕೆ ಬಡಿದು, ಸರ್ರನೆ ಬುಡಕ್ಕಿಳಿದು, ಸುರುಳಿ ಸುತ್ತಿ ಎರಡೂ ಪಕ್ಕಕ್ಕೆ ಕೊಂಬಿನಂತೆ ಹೊರಟಿತು.

"ನೋಡಿ ಮೇಡಂ, ನೀರು ಕಂಬಕ್ಕೆ ಹಣೆ ಹೊಡ್ಕೊಂಡು ಕೆಳಕ್ಕಿಳೀತದೆ. ಅಲ್ಲಿ ಅಗೀತದೆ," ಎಂದರು. ನಾಲ್ಕು ಪಠ್ಯಪುಸ್ತಕ ಓದಿ ನಾನು ಅರ್ಥ ಮಾಡಿಕೊಂಡಿದ್ದು ಅಷ್ಟೇ.

ಒಂದು ಶನಿವಾರ ಶಮೀಮ್ ಚಾಚಿ ಬಂದಿದ್ದರು. ತಮ್ಮ ಕಂಬ ನೀರಲ್ಲಿ ಹೇಗಿದೆಯೆಂದು ನೋಡಬೇಕಂತೆ. ಸ್ಟೂಲು ಹಾಕಿ ಕೂರಿಸಿದೆ. ಹಳದಿ ಕಂಬದ ಮುಂದೆ ಮರಳು ಮಿಣಮಿಣ ಏಳುತ್ತಾ ಗುಂಡಿಯಾಗುವುದನ್ನು ಮುಸುಕು ಸರಿಸಿಕೊಂಡು ಬಹಳ ಹೊತ್ತು ನೋಡಿದರು.

"ಇಷ್ಟು ವರ್ಷ ಮಾಡ್ದೆ ಬೇಟಿ. ಮಾಡಿದ್ದನ್ನ ಯಾರು ಎತ್ಕೊಂಡು ಆಡ್ತಾರೆ ಅಂತ ಒಂದು ದಿನಾನೂ ನೋಡಿರ್ಲಿಲ್ಲ," ಎಂದರು. ಹೊರಡುವಾಗ ಗಾಜನ್ನು ಮೆಲ್ಲಗೆ ತಟ್ಟಿ ಹೋದರು.

ಜುಲೈ ಮುಗಿಯುವ ಹೊತ್ತಿಗೆ ನನ್ನ ಹತ್ತಿರ ಹದಿನಾರು ಪ್ರಯೋಗಗಳ ಅಳತೆ ಇತ್ತು. ಪ್ರತಿಯೊಂದೂ ಎರಡು ಗಂಟೆ. ಮೊದಲ ಅರ್ಧ ಗಂಟೆಯಲ್ಲಿ ಗುಂಡಿ ಭರ್ರನೆ ಇಳಿಯುತ್ತಿತ್ತು, ಆಮೇಲೆ ನಿಧಾನ, ಎರಡನೆಯ ಗಂಟೆಯ ಕೊನೆಗೆ ಅಳತೆಕಡ್ಡಿಯ ಮುಳ್ಳು ಹಂದುತ್ತಲೇ ಇರಲಿಲ್ಲ. ಕೆಂಪು ಪಟ್ಟಿ ಇನ್ನೂ ಒಂದು ಬೆರಳು ಕೆಳಗೆ, ಮರಳಲ್ಲಿ ಮುಚ್ಚಿಕೊಂಡೇ ಇರುತ್ತಿತ್ತು. ಗುಂಡಿ ನಿಂತಿತು ಎಂದು ಬರೆದುಕೊಂಡೆ.

ಮೇಡಂ ನನ್ನ ನೋಟ್ ಪುಸ್ತಕ ತಿರುವಿ ಹಾಕಿ ಕೇಳಿದರು, "ಒಂದನ್ನಾದ್ರೂ ಇಡೀ ದಿನ ಓಡಿಸಿ ನೋಡಿದೀಯಾ?"

"ನೋಡಿದೀನಿ ಮೇಡಂ. ಅಷ್ಟೇ ಬರುತ್ತೆ," ಎಂದೆ.

ನೋಡಿರಲಿಲ್ಲ. ಒಮ್ಮೆ ಮೂರು ಗಂಟೆ ಓಡಿಸಿದ್ದೆ, ಏನೂ ಬದಲಾಗಿರಲಿಲ್ಲ. ಇಡೀ ದಿನ ಎನ್ನುವುದಕ್ಕೂ ಮೂರು ಗಂಟೆ ಎನ್ನುವುದಕ್ಕೂ ಏನು ವ್ಯತ್ಯಾಸ ಎಂದುಕೊಂಡೆ. ಸುಳ್ಳು ಎಂದು ಆಗ ನನಗೆ ಅನ್ನಿಸಲೂ ಇಲ್ಲ. ಆತುರ ಎಂದಷ್ಟೇ ಅನ್ನಿಸಿತು.

ಆಗಸ್ಟಿನಲ್ಲಿ ಮೇಡಂ ನನ್ನನ್ನು ಆ ಊರಿಗೆ ಕಳಿಸಿದರು. ಡೈರಿಯ ಜಗಲಿಯ ಮೇಲೆ ಮೂವತ್ತು ಜನ ಕೂತಿದ್ದರು. ಸೇತುವೆಗೆ ಭಯವಿಲ್ಲ, ಗುಂಡಿ ಬೀಳುತ್ತದೆ ಆದರೆ ಅಡಿಪಾಯದವರೆಗೆ ಹೋಗುವುದಿಲ್ಲ ಎಂದು ಹೇಳಿದೆ. ಎಲ್ಲರ ಮುಖ ಅರಳಿತು. ಶಿವರುದ್ರಯ್ಯನವರ ಹೆಂಡತಿ ಪಾರ್ವತಮ್ಮ, ದಿನಾ ಎರಡು ಹೊತ್ತು ಹಾಲಿನ ಕ್ಯಾನು ಹೊತ್ತು ಆ ಸೇತುವೆ ದಾಟುವವರು, "ನಮ್ಮೂರ್ನೋರು ಹೆದ್ರುಸ್ತಾನೇ ಇದ್ರು ಕಣವ್ವ. ನೀನು ಒಳ್ಳೆ ಮಾತು ಹೇಳ್ದೆ," ಎಂದು ನನ್ನ ಜಡೆಗೆ ಕನಕಾಂಬರ ಮುಡಿಸಿದರು.

ಸೆಪ್ಟೆಂಬರಿನಲ್ಲಿ ಒಂದು ಬುಧವಾರ. ಇನ್ನೊಂದು ಕಂಬ ಬೇಕಾಗಿತ್ತು. ಬೆಳಗ್ಗೆ ಎಂಟಕ್ಕೆ ಪ್ರಯೋಗ ಶುರು ಮಾಡಿ, "ಹತ್ತಕ್ಕೆ ಬಂದ್ಬಿಡ್ತೀನಿ," ಎಂದು ಪುಟ್ಟಸ್ವಾಮಿಗೆ ಹೇಳಿ ಚನ್ನಪಟ್ಟಣಕ್ಕೆ ಹೋದೆ. ಚಾಚಿ ಜ್ವರ ಬಂದು ಮಲಗಿದ್ದರು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಗಂಜಿ ಕಾಯಿಸಿ ಕುಡಿಸಿ, ಅವರ ಮಗಳು ಗಂಡನ ಮನೆಯಿಂದ ಬರುವವರೆಗೆ ಕೂತಿದ್ದೆ. ಫೋನಿನಲ್ಲಿ ಚಾರ್ಜು ಮುಗಿದಿತ್ತು. ಲ್ಯಾಬಿಗೆ ವಾಪಸು ಬಂದಾಗ ಸಂಜೆ ನಾಲ್ಕೂಮುಕ್ಕಾಲು. ಪಂಪು ಇನ್ನೂ ಓಡುತ್ತಿತ್ತು.

"ಯಾಕೆ ನಿಲ್ಲಿಸ್ಲಿಲ್ಲ?" ಎಂದು ರೇಗಿದೆ.

"ನಿಲ್ಲಿಸಿ ಅಂತ ನೀವು ಹೇಳ್ನಿಲ್ಲ," ಎಂದರು ಪುಟ್ಟಸ್ವಾಮಿ. ಆಮೇಲೆ ಮೆತ್ತಗೆ, "ಒಸಿ ಬಂದು ನೋಡಿ," ಎಂದರು.

ಗಾಜಿನ ಹತ್ತಿರ ಬಗ್ಗಿದೆ. ಗುಂಡಿ ನನ್ನ ಹದಿನಾರು ಗುಂಡಿಗಳಿಗಿಂತ ಆಳವಾಗಿತ್ತು. ಮರಳಿನ ಒಂದೊಂದೇ ಕಾಳು, ನಿಮಿಷಕ್ಕೆ ಐದೋ ಆರೋ, ಮೇಲೆದ್ದು ಹೋಗುತ್ತಲೇ ಇದ್ದವು. ಎರಡು ಗಂಟೆಯ ಪ್ರಯೋಗದಲ್ಲಿ ನಿಂತಂತೆ ಕಂಡದ್ದು ನಿಂತಿರಲಿಲ್ಲ. ನನ್ನ ತಾಳ್ಮೆಗೆ ಕಾಣದಷ್ಟು ನಿಧಾನವಾಗಿತ್ತು ಅಷ್ಟೇ. ಕಂಬದ ಮುಂಭಾಗದಲ್ಲಿ ಕೆಂಪು ಪಟ್ಟಿ ಪೂರ್ತಿ ಬಯಲಾಗಿತ್ತು. ಕಂಬ ಒಂದು ಕೂದಲಷ್ಟು ಮುಂದಕ್ಕೆ ವಾಲಿತ್ತು.

ಆ ಕ್ಷಣ ನನಗೆ ಕಂಡದ್ದು ಥೀಸಿಸ್ ಅಲ್ಲ; ಕ್ಯಾನು ಹೊತ್ತು ದಾಟುತ್ತಿದ್ದ ಪಾರ್ವತಮ್ಮ.

"ನಿಮಗೆ ಗೊತ್ತಿತ್ತಾ ಪುಟ್ಟಸ್ವಾಮಿ?"

ಅವರು ಕೈ ಒರೆಸಿಕೊಂಡರು. "ಹಿಂದೆ ಒಬ್ರು ಸಾರ್ ಇದ್ರು, ಎರಡು ಮೂರು ದಿನ ನೀರು ಬುಡ್ತಿದ್ರು. ನೀವು ಮೇಡಂಗೆ ಇಡೀ ದಿನ ಓಡ್ಸಿ ನೋಡಿದೀನಿ ಅಂದಾಗ ನಾನು ಇಲ್ಲೇ ಇದ್ದೆ. ಓದ್ದೋರು, ನಿಮಗೆ ಗೊತ್ತಿರ್ತದೆ ಅನ್ಕೊಂಡೆ. ಹೇಳ್ಬೇಕಿತ್ತು. ತಪ್ಪು ನಂದೂ ಐತೆ."

ಅವರ ತಪ್ಪೇನೂ ಇರಲಿಲ್ಲ. ಆ ಸಂಜೆಯೇ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ, ಅಳುತ್ತೇನೆ, ಮುಗಿಯುತ್ತದೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನಗೆ ಹೇಳೋದು ಸುಲಭ ರೇಣುಕಾ. ನಿನ್ನ ಮಾತು ನಂಬಿದೋರು ನಾನೊಬ್ಬಳೇ ಅಲ್ಲ. ಹೋಗಿ ಅವರಿಗೆ ಹೇಳು. ಆಮೇಲೆ ಮೂರು ದಿನದ ಪ್ರಯೋಗ ಶುರು ಮಾಡೋಣ."

ಎರಡನೆಯ ಸಲ ಆ ಜಗಲಿಯ ಮುಂದೆ ನಿಂತಾಗ ನನ್ನ ಕೈಯಲ್ಲಿ ಹಳದಿ ಕಂಬ ಇತ್ತು. ನಾನು ಪೂರ್ತಿ ನೋಡದೆ ಹೇಳಿದ್ದೆ, ಅದು ತಪ್ಪು, ಸೇತುವೆಗೆ ಅಪಾಯವಿದೆ ಎಂದೆ. ಹಿಂದಿನಿಂದ ಯಾರೋ, "ಏನ್ಲಾ ಇದು, ಮರದ್ ಬೊಂಬೆ ಇಟ್ಕೊಂಡು ಹೋದ್ ತಿಂಗ್ಳು ಒಂದ್ ಕಥೆ, ಈ ತಿಂಗ್ಳು ಒಂದ್ ಕಥೆ," ಎಂದರು. ನಗು ಎದ್ದಿತು. ಪಾರ್ವತಮ್ಮ ನಗಲಿಲ್ಲ. "ಅವತ್ತು ಯಾಕವ್ವ ಹಂಗಂದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋದರು. ಅದು ನಗುವಿಗಿಂತ ಹೆಚ್ಚು ಚುಚ್ಚಿತು.

ಶಿವರುದ್ರಯ್ಯ ಮಾತ್ರ ಕಂಬವನ್ನು ಇಸಿದುಕೊಂಡು, ಕೆಂಪು ಪಟ್ಟಿಯ ಮೇಲೆ ಹೆಬ್ಬೆರಳಾಡಿಸಿದರು. "ಈಗೇನ್ ಮಾಡ್ಬೇಕು, ಅದನ್ನ ಹೇಳು."

ಮಳೆಗೆ ಮುಂಚೆ ಕಲ್ಲು ತುಂಬಿಸಲು ಸಮಯವಿರಲಿಲ್ಲ. ಆಗುತ್ತಿದ್ದುದು ಒಂದೇ. ಹಳ್ಳದ ನೀರು ಎಷ್ಟು ಏರಿದರೆ ಕಂಬದ ಬುಡ ಅಗೆಯಲು ಶುರುವಾಗುತ್ತದೆಂದು ಲೆಕ್ಕ ಹಾಕಿ, ಅಷ್ಟೆತ್ತರಕ್ಕೆ ಕಂಬದ ಮೇಲೆ ಒಂದು ಗೆರೆ ಬಳಿದೆವು. ನೀರು ಗೆರೆ ಮುಟ್ಟಿದರೆ ಯಾರೂ ದಾಟಕೂಡದು. ಹಾಲು, ಹಳ್ಳದ ಮೇಲ್ಗಡೆ ಇರುವ ಚೆಕ್‌ಡ್ಯಾಮ್ ಸುತ್ತಿ ಹೋಗಬೇಕು. ಮೂರು ಮೈಲಿಯ ಸುತ್ತು. ಒಪ್ಪಿದವರು ಒಪ್ಪಿದರು, ಗೊಣಗಿದವರು ಗೊಣಗಿದರು.

ಅಕ್ಟೋಬರಿನಲ್ಲಿ ಚಿತ್ತಾ ಮಳೆ ಹಿಡಿಯಿತು. ನೀರು ಗೆರೆ ದಾಟಿದ ದಿನ ಶಿವರುದ್ರಯ್ಯ ಸೇತುವೆಯ ಎರಡೂ ಬಾಯಿಗೆ ಜಾಲಿ ಮುಳ್ಳು ಹಾಕಿಸಿದರು. ದಿನಾ ಸಂಜೆ ಫೋನು. "ಇನ್ನೂ ಗೆರೆ ಮೇಲೈತೆ ಕಣವ್ವ." "ಜನ ಬೈತಾವ್ರೆ, ಬುಡು." "ನಮ್ಮನೇವ್ರಿಗೆ ಮಂಡಿ ನೋವು, ಸುತ್ತಾಕಂಡು ಹೋಯ್ತಾವ್ರೆ." ಒಂಬತ್ತು ದಿನ. ನಾನು ಲ್ಯಾಬಿನಲ್ಲಿ ಮೂರು ದಿನದ ಪ್ರಯೋಗದ ಮುಂದೆ ಕೂತು, ಗಾಜಿನೊಳಗಿನ ನೀರು ನೋಡುತ್ತಾ ಆಚೆಯ ನೀರಿಗಾಗಿ ಹೆದರುತ್ತಿದ್ದೆ. ಪುಟ್ಟಸ್ವಾಮಿ ಸೋಲೂರಿಗೆ ಹೋಗದೆ ಲ್ಯಾಬಿನಲ್ಲೇ ಚಾಪೆ ಹಾಕಿದರು, ಪಂಪು ಒಂದು ನಿಮಿಷವೂ ನಿಲ್ಲದ ಹಾಗೆ ನೋಡಿಕೊಂಡರು.

ಹತ್ತನೆಯ ದಿನ ನೀರು ಇಳಿಯಿತು. ಸೇತುವೆ ನಿಂತೇ ಇತ್ತು.

"ಒಂಚೂರೂ ಅಲ್ಲಾಡಿಲ್ಲ," ಎಂದರು ಶಿವರುದ್ರಯ್ಯ ಫೋನಿನಲ್ಲಿ. ಅವರ ದನಿಯಲ್ಲಿ ಸಂತೋಷವೂ ಇತ್ತು, ಒಂದು ಬಗೆಯ ಮುಜುಗರವೂ ಇತ್ತು. "ಗುಂಡಿನೂ ಇಲ್ಲ. ಮರಳು ಚಪ್ಪಟೆಯಾಗಿ ಹಾಸ್ದಂಗೈತೆ. ಜನ ನಗ್ತಾವ್ರೆ ಕಣವ್ವ."

ಮರುದಿನ ಬೆಳಗ್ಗೆಯ ಬಸ್ಸಿಗೆ ಹೊರಟೆ. ಕನಕಪುರದಲ್ಲಿ ಬಸ್ಸು ಬದಲಿಸುವಾಗ ವಾಪಸು ಹೋಗಿಬಿಡೋಣ ಎಂದೂ ಅನ್ನಿಸಿತು. ಸೇತುವೆ ಬೀಳಲಿ ಎಂದು ಯಾರು ಬಯಸುತ್ತಾರೆ? ಆದರೆ ಒಂಬತ್ತು ದಿನ ಒಂದು ಊರನ್ನು ಸುತ್ತು ಹಾದಿಯಲ್ಲಿ ನಡೆಸಿದವಳಿಗೆ ಅದು ಗಟ್ಟಿಯಾಗಿ ನಿಂತದ್ದು ಖುಷಿ ಕೊಡಲಿಲ್ಲ ಎಂಬುದೂ ನಿಜ, ಅದಕ್ಕಾಗಿ ನನಗೆ ನಾಚಿಕೆಯಾಯಿತು ಎಂಬುದೂ ನಿಜ.

ಹಳ್ಳದಲ್ಲಿ ಮೊಣಕಾಲುದ್ದ ನೀರಿತ್ತು. ದಡದ ಮೇಲೆ ಹತ್ತಾರು ಜನ. ಕಂಬದ ಸುತ್ತ ಮರಳು ನಿಜಕ್ಕೂ ಸಮತಟ್ಟಾಗಿತ್ತು, ಯಾರೋ ಅಂಗೈಯಿಂದ ಸವರಿದ ಹಾಗೆ. ಫ್ಲೂಮಿನಲ್ಲಿ ನೀರನ್ನು ಮೆಲ್ಲಗೆ ಇಳಿಸಿದಾಗ ಮೇಲಿಂದ ಜಾರಿ ಬಂದ ಮರಳು ಗುಂಡಿಯನ್ನು ಮುಚ್ಚುವುದನ್ನು ನಾನು ಕಂಡಿದ್ದೆ.

"ಒಂದು ಬಿದಿರು ಗಳ ಕೊಡಿ," ಎಂದೆ.

ಅಡಿಪಾಯದ ಆಳ ಎಷ್ಟೋ ಅಷ್ಟಕ್ಕೆ ಗಳಕ್ಕೆ ಬಟ್ಟೆ ಕಟ್ಟಿದೆವು. ಶಿವರುದ್ರಯ್ಯ ಪಂಚೆ ಎತ್ತಿಕಟ್ಟಿ ಹಳ್ಳಕ್ಕಿಳಿದು, ಮೊದಲು ಕಂಬದಿಂದ ದೂರದಲ್ಲಿ ಚುಚ್ಚಿದರು. ಗೇಣುದ್ದ ಹೋಗಿ ಠಕ್ಕೆಂದು ನಿಂತಿತು. ಹಳೆಯ, ಗಡಸು ಮರಳು. ಆಮೇಲೆ ಕಂಬದ ಮುಂಭಾಗಕ್ಕೆ ಬಂದು ಚುಚ್ಚಿದರು. ಗಳ ಬೆಣ್ಣೆಗೆ ಇಳಿದಂತೆ ಇಳಿಯಿತು. ಮೊಣಕೈವರೆಗೆ ಕೈ ನೀರಲ್ಲಿ ಮುಳುಗಿತು. ಬಟ್ಟೆ ಮರಳಿನೊಳಗೆ ಮುಳುಗಿತು. ಅದಾದ ಮೇಲೂ ಗಳ ಇಳಿಯುತ್ತಲೇ ಇತ್ತು.

ದಡದ ಮೇಲಿದ್ದ ಒಬ್ಬಿಬ್ಬರು ನೀರಿನಂಚಿಗೆ ಇಳಿದು ಬಂದರು.

"ಕೆಳಗೆ ಏನೂ ಇಲ್ಲ ಕಣವ್ವ," ಎಂದರು ಅವರು. ಗಳವನ್ನು ಕಿತ್ತು ನನ್ನ ಕೈಗೆ ಕೊಟ್ಟರು. ನಾನೂ ಚುಚ್ಚಿದೆ. ಮೆತ್ತಗಿನ ಹೊಸ ಮರಳು ಮುಗಿದು ಹಳೆಯದು ಎಲ್ಲಿ ತಗಲುತ್ತದೆಂದು ಅಂಗೈಗೆ ಗೊತ್ತಾಯಿತು: ಅಡಿಪಾಯಕ್ಕಿಂತ ಒಂದು ಮೊಳ ಕೆಳಗೆ. ಹಿಂಭಾಗದಲ್ಲಿ ಮಾತ್ರ ಮರಳು ಗಟ್ಟಿಯಿತ್ತು. ಒಂಬತ್ತು ದಿನ ಆ ಸೇತುವೆ ಹಿಂದಿನ ಹಿಮ್ಮಡಿಯ ಮೇಲೆ ನಿಂತಿತ್ತು. ಮೇಲೆ ತುಂಬಿದ ಹಾಲಿನ ಗಾಡಿಯೊಂದು ಹತ್ತಿದ್ದರೆ ಏನಾಗುತ್ತಿತ್ತೋ, ಹೇಳಲು ಯಾವ ಲೆಕ್ಕವೂ ಬೇಕಿರಲಿಲ್ಲ.

ಮುಳ್ಳು ಮತ್ತೆ ಬಿತ್ತು, ಈ ಸಲ ಜನರೇ ಹಾಕಿದರು. ಇಂಜಿನಿಯರು ಬಂದು ತಾವೇ ಗಳ ಚುಚ್ಚಿ ನೋಡಿದರು. ಮುಂದಿನ ಬೇಸಿಗೆಯಲ್ಲಿ ಎರಡೂ ಕಂಬದ ಸುತ್ತ ಅಗೆದು ದಪ್ಪ ಕಲ್ಲು ತುಂಬಿದರು. ಸೇತುವೆ ಇವತ್ತಿಗೂ ಇದೆ. ನನ್ನ ಥೀಸಿಸ್ ಒಂದು ವರ್ಷ ತಡವಾಯಿತು. ಹದಿನಾರು ಪ್ರಯೋಗಗಳನ್ನೂ ಅದರಲ್ಲಿ ಇಟ್ಟೆ, ಅವು ಯಾಕೆ ತಪ್ಪು ಎಂಬುದನ್ನೂ ಬರೆದೆ. ಪುಟ್ಟಸ್ವಾಮಿ ನಿವೃತ್ತಿಯಾಗಿ ಸೋಲೂರಿನಲ್ಲಿ ತೆಂಗಿಗೆ ನೀರು ಬಿಟ್ಟುಕೊಂಡಿದ್ದಾರೆ.

ಗಳ ಚುಚ್ಚಿ ನೋಡಿದ ಆ ದಿನ ಮಧ್ಯಾಹ್ನ ಶಿವರುದ್ರಯ್ಯ ನನ್ನನ್ನು ಮನೆಗೆ ಕರೆದುಕೊಂಡು ಹೋದರು. ಒದ್ದೆ ಚೂಡಿದಾರದಲ್ಲೇ ನಡುಮನೆಯಲ್ಲಿ ಕೂತೆ. ಪಾರ್ವತಮ್ಮ ಮಂಡಿಗೆ ಬಟ್ಟೆ ಸುತ್ತಿಕೊಂಡು, ಗೋಡೆ ಹಿಡಿದು ಬಂದು ತಟ್ಟೆಗೆ ಮುದ್ದೆ, ಬಸ್ಸಾರು ಬಡಿಸಿದರು. ತಲೆ ತಗ್ಗಿಸಿ ಉಂಡೆ. ಮುಗಿಸುವಷ್ಟರಲ್ಲಿ ಅವರು ಇನ್ನೊಂದು ಮುದ್ದೆ ತಂದು ತಟ್ಟೆಗೆ ಇಳಿಸಿ, ಬೆರಳಿನಿಂದ ಗುಳಿ ಮಾಡಿ ತುಪ್ಪ ಬಿಟ್ಟರು.

"ಸಾಕು ಅಮ್ಮಾ," ಎಂದೆ.

"ಸುಮ್ಕೆ ಉಣ್ಣು," ಎಂದರು ಪಾರ್ವತಮ್ಮ, ಮಂಡಿ ನೀವಿಕೊಂಡು ನನ್ನ ಎದುರಿಗೇ ಕೂತು. "ಇನ್ನೊಂದ್ ಕಿತ ಹಳ್ಳ ಅಳೆಯಾಕೆ ಬರ್ಬೇಕಲ್ಲ ನೀನು."